ಗೆದ್ದ ಕುದುರೆಗೆ ಹಾರ, ಅದರ ತಳಿಗೆ ಏನು? ಪೋಲೋ ತಕರಾರು ಮತ್ತು ಚಿತ್ರದುರ್ಗದ ಕಾವಲು

ಅರ್ಜೆಂಟೀನಾದಲ್ಲಿ 2024ರ ಕೊನೆಯ ತಿಂಗಳುಗಳಲ್ಲಿ ಐದು ಕುದುರೆ ಮರಿಗಳು ಹುಟ್ಟಿದವು. ಪೋಲೋ ಪುರೇಸಾ ಎಂಬ ಬಹುಮಾನ ಗೆದ್ದ ಕುದುರೆಯ ಜೀವಕೋಶ ತೆಗೆದು, ಅದರಲ್ಲಿ ಒಂದು ಜೀನ್ ತಿದ್ದಿ, ಕೈರಾನ್ ಎಂಬ ಕಂಪನಿ ಇವನ್ನು ಹುಟ್ಟಿಸಿತು. ಪೋಲೋ ಮೈದಾನದಲ್ಲಿ ಇವು ಇನ್ನಷ್ಟು ಜೋರಾಗಿ ನುಗ್ಗಬೇಕು ಎನ್ನುವುದು ಉದ್ದೇಶ. 2025ರಲ್ಲಿ ಆ ದೇಶದ ಪೋಲೋ ಸಂಸ್ಥೆ ಖಡಾಖಂಡಿತವಾಗಿ ಹೇಳಿತು: ಈ ಕುದುರೆಗಳು ನಮ್ಮ ಪಂದ್ಯಗಳಲ್ಲಿ ಆಡುವಂತಿಲ್ಲ.

ಸುದ್ದಿ ಓದಿದವರಿಗೆ ಗೊಂದಲ ಶುರುವಾಗುವುದೇ ಇಲ್ಲಿ. ಅದೇ ಅರ್ಜೆಂಟೀನಾದಲ್ಲಿ ಕ್ಲೋನ್ ಕುದುರೆಗಳು, ಅಂದರೆ ಒಂದೇ ಕುದುರೆಯ ತದ್ರೂಪಿಗಳು, ವರ್ಷಗಳಿಂದ ರಾಜಾರೋಷವಾಗಿ ಆಡುತ್ತಿವೆ. ಕಪ್ ಗೆದ್ದಿವೆ. ಅವಕ್ಕೆ ಇಲ್ಲದ ಆಕ್ಷೇಪ ಇವಕ್ಕೇಕೆ? ನಾಳೆ ಇಂಥ ಕುದುರೆ ಗೆದ್ದರೆ ಗೌರವ ಯಾರಿಗೆ ಸಲ್ಲಬೇಕು? ಕುದುರೆಗೋ, ಸವಾರನಿಗೋ, ಸಾಕಿದವನಿಗೋ, ಪ್ರಯೋಗಾಲಯಕ್ಕೋ?

ಪೋಲೋ ದಾವಣಗೆರೆ, ಚಿತ್ರದುರ್ಗದ ಆಟವಲ್ಲ, ನಿಜ. ಆದರೆ ಹೆಸರು ಮಾಡಿದ ಪ್ರಾಣಿಯನ್ನು ಹೇಗೆ ಗೌರವಿಸಬೇಕು ಎನ್ನುವುದು ನಮ್ಮ ಕಡೆಯವರಿಗೆ ಹೊಸ ಪ್ರಶ್ನೆಯಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ದೇವರ ಎತ್ತುಗಳಿವೆ. ಅಮೃತಮಹಲ್ ದನಗಳ ಕಾವಲುಗಳಿವೆ, ಅಂದರೆ ಅವು ಮೇಯುವ ಹುಲ್ಲುಗಾವಲುಗಳು. ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಹಬ್ಬವಿದೆ. ಇಲ್ಲಿಂದ ನಿಂತು ನೋಡಿದರೆ ಆ ದೂರದ ತಕರಾರಿನ ಗಂಟು ಎಲ್ಲಿದೆ ಎಂದು ಕಾಣುತ್ತದೆ.

ಆಟದಲ್ಲಿ ಕುದುರೆಯ ಪಾಲು

ಒಂದೊಂದು ತಂಡದಲ್ಲಿ ನಾಲ್ವರು ಸವಾರರು. ಸುಮಾರು 300 ಗಜ ಉದ್ದದ ಮೈದಾನ. ಉದ್ದನೆಯ ಕೋಲಿನಿಂದ ಚೆಂಡು ಹೊಡೆದು ಗೋಲು ದಾಟಿಸಬೇಕು. ಆಟ ಚಕ್ಕರ್ ಎಂಬ ಭಾಗಗಳಲ್ಲಿ ನಡೆಯುತ್ತದೆ, ಒಂದು ಚಕ್ಕರ್ ಏಳು ನಿಮಿಷದ ಆಸುಪಾಸು. ಅಷ್ಟು ಹೊತ್ತಿನಲ್ಲೇ ಕುದುರೆ ಸುಸ್ತಾಗುತ್ತದೆ, ಹಾಗಾಗಿ ಮುಂದಿನ ಚಕ್ಕರ್‌ಗೆ ಬೇರೆ ಕುದುರೆ ಬೇಕು. ದೊಡ್ಡ ಪಂದ್ಯದಲ್ಲಿ ಎಂಟು ಚಕ್ಕರ್ ಇರುತ್ತವೆ. ಅಂದರೆ ಒಬ್ಬನೇ ಸವಾರನಿಗೆ ಒಂದು ಲಾಯ ತುಂಬ ಕುದುರೆಗಳು ಬೇಕು.

ಆಟಗಾರನಿಗೆ ಹ್ಯಾಂಡಿಕ್ಯಾಪ್ ಎಂಬ ದರ್ಜೆ ಇದೆ. ಮೈನಸ್ 2ರಿಂದ 10ರವರೆಗೆ. 10 ಸಿಕ್ಕವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಕುದುರೆಗೆ ಇಂಥ ದರ್ಜೆ ಇಲ್ಲ. ಆದರೆ ಪೋಲೋ ಬಲ್ಲ ಯಾರನ್ನೇ ಕೇಳಿ, ಆಟದ ಮುಕ್ಕಾಲು ಪಾಲು ಕುದುರೆಯದೇ ಎನ್ನುತ್ತಾರೆ. ಓಡುತ್ತಿದ್ದ ಕುದುರೆ ಒಮ್ಮೆಗೇ ನಿಲ್ಲಬೇಕು, ಜಾಗದಲ್ಲೇ ತಿರುಗಬೇಕು, ಪಕ್ಕದಿಂದ ಇನ್ನೊಂದು ಕುದುರೆ ಭುಜ ಕೊಟ್ಟು ತಳ್ಳಿದಾಗ ಬೆದರಬಾರದು. ಇದು ಬರೀ ಮೈಯ ಬಲದಿಂದ ಬರುವುದಿಲ್ಲ. ತಳಿಯ ಗುಣ ಬೇಕು. ವರ್ಷಗಟ್ಟಲೆ ಪಳಗಿಸುವವರು ಬೇಕು. ದಿನಾ ಬೆಳಗ್ಗೆ ಮೈ ತಿಕ್ಕಿ, ಕಾಲು ನೋಡಿ, ಮೇವು ಹಾಕುವ ಸಯೀಸ್ ಬೇಕು.

ಹೆಸರು ಯಾರದ್ದು ಉಳಿಯುತ್ತದೆ

ಅಮೆರಿಕದ ಫ್ಲಾರಿಡಾದ ಲೇಕ್ ವರ್ತ್‌ನಲ್ಲಿ ಪೋಲೋ ಮ್ಯೂಸಿಯಂ ಇದೆ, ಅದರ ಜೊತೆಗೇ ಗೌರವ ಸಭಾಂಗಣವೂ ಇದೆ. ದೊಡ್ಡ ಆಟಗಾರರ ಹೆಸರನ್ನು, ಆಟ ಬೆಳೆಸಿದವರ ಹೆಸರನ್ನು ಅಲ್ಲಿ ಸೇರಿಸುತ್ತಾರೆ. ಕುದುರೆಗಳಿಗೂ ಪ್ರತ್ಯೇಕ ಪಟ್ಟಿ ಇದೆ. ಇದು ಮೆಚ್ಚಬೇಕಾದ ಕ್ರಮ. ಹೆಚ್ಚಿನ ಆಟಗಳಲ್ಲಿ ಪ್ರಾಣಿಯ ಹೆಸರು ಪಂದ್ಯದ ಮರುದಿನವೇ ಮರೆತುಹೋಗುತ್ತದೆ, ಇಲ್ಲಿ ಉಳಿಯುತ್ತದೆ. ಅರ್ಜೆಂಟೀನಾದ ದೊಡ್ಡ ಟೂರ್ನಿಯಲ್ಲೂ ಅತ್ಯುತ್ತಮ ಕುದುರೆಗೆ ಬೇರೆಯೇ ಕಪ್ ಇದೆ.

ನಮ್ಮ ದೇಶದಲ್ಲಿ ಅರ್ಜುನ ಪ್ರಶಸ್ತಿ ಶುರುವಾದ 1961ರಲ್ಲೇ ಪೋಲೋ ಆಟಗಾರ ಮಹಾರಾಜ್ ಪ್ರೇಮ್ ಸಿಂಗ್ ಅವರಿಗೆ ಅದು ಸಿಕ್ಕಿತು. ಪ್ರಾಣಿಗಳಿಗೆ ಅಂಥ ಕ್ರೀಡಾ ಗೌರವ ಇಲ್ಲ. ಆದರೆ ಸೇನೆಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ರಾಷ್ಟ್ರಪತಿಗಳ ಅಂಗರಕ್ಷಕ ದಳದ ವಿರಾಟ್ ಎಂಬ ಕುದುರೆಗೆ 2022ರ ಜನವರಿಯಲ್ಲಿ ಸೇನಾ ಮುಖ್ಯಸ್ಥರ ಪ್ರಶಂಸಾ ಪತ್ರ ಸಿಕ್ಕಿತು. ಅದೇ ಗಣರಾಜ್ಯೋತ್ಸವದಂದು ಅದು ನಿವೃತ್ತಿಯೂ ಆಯಿತು.

ಮೂಲ ಪುರುಷರನ್ನು ಗೌರವಿಸುವ ವಿಷಯದಲ್ಲಿ ಮಾತ್ರ ಒಂದು ಕೊರತೆ ಎದ್ದು ಕಾಣುತ್ತದೆ. ಆಧುನಿಕ ಪೋಲೋದ ಪಿತಾಮಹ ಎಂದು ಬ್ರಿಟಿಷ್ ಅಧಿಕಾರಿ ಜೋಸೆಫ್ ಶೆರರ್ ಅವರನ್ನು ಕರೆಯುತ್ತಾರೆ. 1859ರಲ್ಲಿ ಅಸ್ಸಾಮಿನ ಸಿಲ್ಚಾರ್‌ನಲ್ಲಿ ಮೊದಲ ಪೋಲೋ ಕ್ಲಬ್ ಕಟ್ಟಿದವರಲ್ಲಿ ಅವರೂ ಒಬ್ಬರು. ಆದರೆ ಶೆರರ್ ಈ ಆಟವನ್ನು ನೋಡಿ ಕಲಿತದ್ದು ಆ ಕಡೆ ನೆಲೆಸಿದ್ದ ಮಣಿಪುರಿಗಳಿಂದ. ಅವರ ಸಗೋಲ್ ಕಾಂಗ್ಜೈ ಎಂಬ ಕುದುರೆಯಾಟ ಅದಕ್ಕಿಂತ ಎಷ್ಟೋ ಹಳೆಯದು. ನಿಯಮ ಬರೆದಿಟ್ಟವರ ಹೆಸರು ಉಳಿಯಿತು, ಆಡಿ ತೋರಿಸಿದವರ ಹೆಸರು ಉಳಿಯಲಿಲ್ಲ. ಸಯೀಸ್‌ಗಳದ್ದೂ ಇದೇ ಕತೆ.

ಒಂದು ಕುದುರೆ ಆರಾದಾಗ

ಈಗ ಕ್ಲೋನ್ ವಿಷಯಕ್ಕೆ ಬರೋಣ. ಅಡಾಲ್ಫೊ ಕ್ಯಾಂಬಿಯಾಸೊ ಅರ್ಜೆಂಟೀನಾದ ಬಹಳ ದೊಡ್ಡ ಆಟಗಾರ. ಅವರ ಅಚ್ಚುಮೆಚ್ಚಿನ ಗಂಡು ಕುದುರೆ ಐಕೆನ್ ಕುರಾ 2006ರಲ್ಲಿ ಆಟದ ನಡುವೆ ಕಾಲು ಮುರಿದುಕೊಂಡಿತು. ಉಳಿಸಲು ಆಗಲಿಲ್ಲ. ಆದರೆ ಅದರ ಜೀವಕೋಶಗಳನ್ನು ತೆಗೆದಿಡುವಂತೆ ಅವರು ವೈದ್ಯರಿಗೆ ಹೇಳಿದ್ದರು. ಜಗತ್ತಿನ ಮೊದಲ ಕ್ಲೋನ್ ಕುದುರೆ 2003ರಲ್ಲೇ ಇಟಲಿಯಲ್ಲಿ ಹುಟ್ಟಿತ್ತು, ಹಾಗಾಗಿ ಇದು ಬರೀ ಕನಸಾಗಿರಲಿಲ್ಲ.

ಮುಂದೆ ಅವರ ಹೆಣ್ಣು ಕುದುರೆ ಕ್ವಾರ್ತೆತೆರಾದ ತದ್ರೂಪಿಗಳು ಹುಟ್ಟಿದವು. 2010ರಲ್ಲಿ ಅಂಥ ಒಂದು ಮರಿ ಹರಾಜಿನಲ್ಲಿ 8 ಲಕ್ಷ ಡಾಲರ್‌ಗೆ ಹೋಯಿತು. 2016ರ ಡಿಸೆಂಬರಿನಲ್ಲಿ ಬ್ಯೂನಸ್ ಐರಿಸ್‌ನ ಪಲೆರ್ಮೊ ಮೈದಾನದ ಫೈನಲ್‌ನಲ್ಲಿ ಕ್ಯಾಂಬಿಯಾಸೊ ಕ್ವಾರ್ತೆತೆರಾದ ಆರು ತದ್ರೂಪಿಗಳನ್ನು ಏರಿ ಆಡಿದರು. ಅವರ ಲಾ ಡಾಲ್ಫಿನಾ ತಂಡ ಗೆದ್ದಿತು.

ಇದು ಹೇಗೆ ಸಾಧ್ಯವಾಯಿತು? ಉತ್ತರ ನಿಯಮದಲ್ಲಿದೆ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಓಡುವ ಥರೋಬ್ರೆಡ್ ಕುದುರೆ ಸಹಜ ಕೂಡುವಿಕೆಯಿಂದಲೇ ಹುಟ್ಟಿರಬೇಕು. ಕೃತಕ ಗರ್ಭಧಾರಣೆಗೂ ಅಲ್ಲಿ ಅವಕಾಶ ಇಲ್ಲ. ಕುದುರೆ ಜಿಗಿತದಂಥ ಸ್ಪರ್ಧೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಮೊದಲು ಕ್ಲೋನ್ ಬೇಡ ಎಂದು, 2012ರಲ್ಲಿ ಬಾಗಿಲು ತೆರೆಯಿತು. ಪೋಲೋದಲ್ಲಿ ಮೊದಲಿನಿಂದಲೂ ಅಷ್ಟು ಬಿಗಿ ಇರಲಿಲ್ಲ. ಹೆಣ್ಣು ಕುದುರೆಗಳೇ ಜಾಸ್ತಿ ಆಡುವುದರಿಂದ, ಅವು ಆಡುತ್ತಿರುವಾಗಲೇ ಭ್ರೂಣ ತೆಗೆದು ಬೇರೆ ಕುದುರೆಯ ಗರ್ಭದಲ್ಲಿ ಬೆಳೆಸುವ ಪದ್ಧತಿ ಅಲ್ಲಿ ಮಾಮೂಲಿಯಾಗಿತ್ತು. ಭ್ರೂಣ ವರ್ಗಾವಣೆ ಒಗ್ಗಿದವರಿಗೆ ಕ್ಲೋನ್ ಬರೀ ಇನ್ನೊಂದು ಹೆಜ್ಜೆಯಾಗಿ ಕಂಡಿತು.

ತಿದ್ದಿದ ಜೀನ್: ಯಾರ ವಾದ ಏನು

ಕ್ಲೋನ್ ಅಂದರೆ ಇದ್ದದ್ದನ್ನೇ ಮತ್ತೆ ಹುಟ್ಟಿಸುವುದು. ಜೀನ್ ತಿದ್ದುವುದು ಅಂದರೆ ಇದ್ದದ್ದನ್ನು ಬದಲಿಸುವುದು. ಕೈರಾನ್ ಕಂಪನಿ ಕೈಹಾಕಿದ್ದು ಮಯೋಸ್ಟಾಟಿನ್ ಎಂಬ ಜೀನ್‌ಗೆ. ಸ್ನಾಯು ವಿಪರೀತ ಬೆಳೆಯದಂತೆ ತಡೆಯುವ ಕೆಲಸ ಅದರದ್ದು. ತಡೆ ಸಡಿಲವಾದರೆ ಸ್ನಾಯು ಹೆಚ್ಚುತ್ತದೆ, ಒಮ್ಮೆಗೇ ನುಗ್ಗುವ ಶಕ್ತಿ ಬರುತ್ತದೆ ಎನ್ನುವುದು ಲೆಕ್ಕಾಚಾರ.

ಪರವಾಗಿ ಇರುವವರು ಹೇಳುವುದು ಹೀಗೆ. ಈ ಜೀನ್‌ನ ಬೇರೆ ಬೇರೆ ರೂಪಗಳು ಕುದುರೆಗಳಲ್ಲಿ ಸಹಜವಾಗಿಯೇ ಇವೆ. ಹತ್ತಾರು ತಲೆಮಾರು ಆರಿಸಿ ಕೂಡಿಸಿ ಪಡೆಯುವುದನ್ನು ನಾವು ಒಂದೇ ತಲೆಮಾರಿನಲ್ಲಿ ಪಡೆಯುತ್ತೇವೆ, ಅಷ್ಟೇ. ಈ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ವೇಗಕ್ಕೂ ಈ ಜೀನ್‌ಗೂ ಇರುವ ನಂಟು ಥರೋಬ್ರೆಡ್‌ಗಳಲ್ಲಿ ಗೊತ್ತಾಗಿರುವ ವಿಷಯ.

ವಿರೋಧಿಸುವವರಲ್ಲಿ ಎಲ್ಲರೂ ಒಂದೇ ಕಾರಣ ಕೊಡುವುದಿಲ್ಲ. ಪೋಲೋ ಸಂಸ್ಥೆಗೆ ಚಿಂತೆ ಇರುವುದು ಆಟದ ಸೊಗಸಿನ ಬಗ್ಗೆ. ಒಳ್ಳೆಯ ತಾಯಿ, ಒಳ್ಳೆಯ ತಂದೆ ಹುಡುಕಿ, ಮರಿ ಹೇಗೆ ಬರುತ್ತದೋ ಎಂದು ಕಾಯುವುದೇ ಈ ಕಸುಬಿನ ಜೀವ ಎನ್ನುತ್ತದೆ ಅದು. ಕುದುರೆ ಸಾಕುವವರ ಸಂಘ ಕೆಲವು ವರ್ಷ ಕಾದು ನೋಡಿ, ಆಮೇಲೆ ನೋಂದಣಿಯ ಮಾತು ಎಂದಿದೆ. ಸಣ್ಣ ಸಾಕಣೆದಾರರದ್ದು ಹೊಟ್ಟೆಪಾಡಿನ ಭಯ. ಪ್ರಯೋಗಾಲಯಕ್ಕೆ ದುಡ್ಡು ಸುರಿಯುವವನ ಎದುರು ನಲವತ್ತು ಕುದುರೆಗಳ ಸಾಕಣೆದಾರ ಹೇಗೆ ನಿಲ್ಲಬೇಕು?

ಪ್ರಾಣಿಯ ಕಡೆಯಿಂದಲೂ ಒಂದು ಮಾತಿದೆ, ಅದನ್ನು ದನ ಸಾಕುವವರು ಬೇಗ ಹಿಡಿಯುತ್ತಾರೆ. ಬೆಲ್ಜಿಯನ್ ಬ್ಲೂ ಎಂಬ ಹಸುವಿನ ತಳಿಯಲ್ಲಿ ಇದೇ ಮಯೋಸ್ಟಾಟಿನ್ ಜೀನ್ ತಾನಾಗಿಯೇ ಕೆಟ್ಟಿದೆ. ಮೈ ತುಂಬ ಮಾಂಸಖಂಡ. ಆದರೆ ಕರು ದೊಡ್ಡದಾಗಿ ಸಹಜ ಹೆರಿಗೆ ಕಷ್ಟ, ಬಹಳ ಕಡೆ ಆಪರೇಷನ್ ಮಾಡಿಯೇ ಕರು ತೆಗೆಯಬೇಕು. ಕುದುರೆಯಲ್ಲಿ ಹೀಗೇ ಆಗುತ್ತದೆ ಎಂದು ಯಾರೂ ಈಗಲೇ ಹೇಳಲಾರರು. ಆದರೆ ಒಂದು ಗುಣ ಹಿಗ್ಗಿಸಿದರೆ ಇನ್ನೆಲ್ಲೋ ಬೆಲೆ ತೆರಬೇಕಾಗುತ್ತದೆ ಎನ್ನುವುದಕ್ಕೆ ಆ ತಳಿ ಸಾಕ್ಷಿ. ಮೈ ಬೆಳೆದ ಕುದುರೆಯ ಭಾರ ಹೊರುವುದು ಅದೇ ಸಪೂರ ಕಾಲುಗಳು ತಾನೇ?

ಇಷ್ಟೆಲ್ಲ ನೋಡಿದ ಮೇಲೆ, ಪೋಲೋ ಸಂಸ್ಥೆಯ ತೀರ್ಮಾನ ಸರಿ ಅನಿಸುತ್ತದೆ, ಆದರೆ ಅದು ಕೊಟ್ಟ ಕಾರಣ ಸಾಲದು. ಸೊಗಸಿನ ಕಾರಣ ಕ್ಲೋನ್‌ಗೂ ಅನ್ವಯಿಸುತ್ತದೆ ಅಲ್ವಾ? ಇನ್ನೂ ಗಟ್ಟಿಯಾದ ಕಾರಣ ಬೇರೆ ಇದೆ.

ಬಹುಮಾನ ತಳಿಯನ್ನು ಹೇಗೆ ಕಿರಿದು ಮಾಡುತ್ತದೆ

ಒಂದು ಕುದುರೆಗೆ ದೊಡ್ಡ ಬಹುಮಾನ ಬರುತ್ತದೆ. ಮರುದಿನದಿಂದಲೇ ಅದರ ಮರಿಗೆ, ಭ್ರೂಣಕ್ಕೆ, ಈಗ ಅದರ ಜೀವಕೋಶಕ್ಕೂ ಬೆಲೆ ಏರುತ್ತದೆ. ಹಣ ಇದ್ದವರೆಲ್ಲ ಅದೇ ರಕ್ತ ಬೇಕು ಎನ್ನುತ್ತಾರೆ. ಹಿಂದೆ ಇದಕ್ಕೆ ಸಹಜವಾದ ಮಿತಿ ಇತ್ತು. ಒಂದು ಹೆಣ್ಣು ಕುದುರೆ ಜೀವಮಾನದಲ್ಲಿ ಹಾಕುವ ಮರಿಗಳು ಇಷ್ಟೇ. ಭ್ರೂಣ ವರ್ಗಾವಣೆ ಆ ಮಿತಿಯನ್ನು ಸಡಿಲ ಮಾಡಿತು. ಕ್ಲೋನ್ ಅದನ್ನು ಕಿತ್ತೇ ಹಾಕಿತು. ಹೀಗಾಗಿ ಉಳಿದ ನೂರಾರು ಒಳ್ಳೆಯ, ಹೆಸರಿಲ್ಲದ ಹೆಣ್ಣು ಕುದುರೆಗಳು ಮರಿ ಹಾಕುವ ಅವಕಾಶವನ್ನೇ ಕಳೆದುಕೊಳ್ಳುತ್ತವೆ. ನಾಲ್ಕೈದು ತಲೆಮಾರು ಹೀಗೇ ಹೋದರೆ ಲಾಯ ಬೇರೆ ಬೇರೆ, ಒಳಗಿನ ರಕ್ತ ಒಂದೇ. ಆಗ ಆ ರಕ್ತಕ್ಕೆ ತಾಗುವ ಒಂದು ರೋಗ, ಒಂದು ದೋಷ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ.

ಒಳ್ಳೆಯ ಮನಸ್ಸಿನಿಂದ ಕೊಟ್ಟ ಗೌರವವೇ ಹೀಗೆ ತಳಿಗೆ ಮುಳುವಾಗಬಹುದು. ಹೋರಿ ಹಬ್ಬದಲ್ಲಿ ಕೈಗೆ ಸಿಗದ ಹೋರಿಗೆ ಅಭಿಮಾನಿಗಳು ಹುಟ್ಟಿಕೊಳ್ಳುತ್ತಾರೆ, ಬೆಲೆ ಲಕ್ಷ ದಾಟುತ್ತದೆ. ಅದನ್ನು ಹೆತ್ತ ಹಸುವಿನ ವಿಷಯ ಯಾರೂ ಕೇಳುವುದಿಲ್ಲ. ಬಹುಮಾನದ ಕಣ್ಣು ಯಾವಾಗಲೂ ಮೈದಾನದಲ್ಲಿ ನಿಂತ ಪ್ರಾಣಿಯ ಮೇಲೆ.

ಮಣಿಪುರದ ಪ್ರತಿಮೆ

ಇದಕ್ಕೆ ಅತ್ಯಂತ ನೋವಿನ ಉದಾಹರಣೆ ಪೋಲೋದ ತವರಿನಲ್ಲೇ ಇದೆ. ಮಣಿಪುರದ ಹೈಂಗಾಂಗ್‌ನಲ್ಲಿ 2023ರ ಜನವರಿಯಲ್ಲಿ 122 ಅಡಿ ಎತ್ತರದ ಪ್ರತಿಮೆ ಅನಾವರಣವಾಯಿತು. ಕುದುರೆ ಏರಿದ ಪೋಲೋ ಆಟಗಾರನ ಪ್ರತಿಮೆ. ಕುದುರೆ ಮತ್ತು ಪೋಲೋದ ದೇವರಾದ ಮಾರ್ಜಿಂಗ್‌ನ ಜಾಗ ಅದು. ಗೌರವ ಅಂದರೆ ಇದಕ್ಕಿಂತ ದೊಡ್ಡದು ಇನ್ನೇನು ಬೇಕು?

ಆದರೆ ಲೆಕ್ಕ ನೋಡಿ. ಆಟಕ್ಕೆ ಆಧಾರವಾದ ಮಣಿಪುರಿ ಕುದುರೆಗಳು 2003ರ ಜಾನುವಾರು ಗಣತಿಯಲ್ಲಿ 1,898 ಇದ್ದವು. 2012ರಲ್ಲಿ 1,101. 2019ರಲ್ಲಿ 1,089. 2013ರಲ್ಲೇ ಅಲ್ಲಿನ ಸರ್ಕಾರ ಇದನ್ನು ಅಳಿವಿನಂಚಿನ ತಳಿ ಎಂದಿತ್ತು. ಕಾರಣವೂ ಗುಟ್ಟಲ್ಲ. ಈ ಕುದುರೆಗಳು ಮೇಯುತ್ತಿದ್ದ ತಗ್ಗು ಜೌಗು ಹುಲ್ಲುಗಾವಲುಗಳಲ್ಲಿ ಕಟ್ಟಡಗಳು ಎದ್ದವು. ಮೇವಿಲ್ಲದೆ ಕುದುರೆಗಳು ಇಂಫಾಲದ ಬೀದಿಗೆ ಬಂದವು, ಕಸದಲ್ಲಿ ಬಾಯಿ ಹಾಕಿದವು. ಪೋಲೋ ಬಿಟ್ಟರೆ ಅವಕ್ಕೆ ಬೇರೆ ಕೆಲಸವೂ ಉಳಿದಿಲ್ಲ, ಹಾಗಾಗಿ ಸಾಕುವವರ ಕೈ ಖಾಲಿ. ಪ್ರತಿಮೆಗೆ ಜಾಗ ಸಿಕ್ಕಿತು. ಮೇಯಲು ಜಾಗ ಸಿಗುವುದೇ ಕಷ್ಟವಾಗಿದೆ.

ಆತಕೂರಿನ ಕಲ್ಲು, ಚಳ್ಳಕೆರೆಯ ಕಿಲಾರಿ

ಪ್ರಾಣಿಯನ್ನು ಗೌರವಿಸುವ ಬೇರೆ ದಾರಿ ಕನ್ನಡ ನಾಡಿನಲ್ಲಿ ಸಾವಿರ ವರ್ಷ ಹಿಂದೆಯೇ ಇತ್ತು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ, ಕಾಲ ಕ್ರಿ.ಶ. 949–50. ಗಂಗರ ದೊರೆ ಎರಡನೆಯ ಬೂತುಗನಿಂದ ಮಣಲೇರ ಎಂಬ ವೀರ ಕಾಳಿ ಎಂಬ ನಾಯಿಯನ್ನು ಮೆಚ್ಚುಗೆಯಾಗಿ ಪಡೆಯುತ್ತಾನೆ. ಆ ನಾಯಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸಾಯುತ್ತದೆ. ಅದಕ್ಕೆ ಕಲ್ಲು ನಿಲ್ಲಿಸುತ್ತಾರೆ.

ಕಲ್ಲು ನಿಲ್ಲಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ ಎನ್ನುವುದು ಮುಖ್ಯ. ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದು ಶಾಸನದಲ್ಲೇ ಕೆತ್ತಿದರು. ಅಂದರೆ ಹೆಸರಿನ ಜೊತೆ ಜಮೀನು, ಜಮೀನಿನ ಜೊತೆ ಜವಾಬ್ದಾರಿ ಇರುವ ಒಬ್ಬ ಮನುಷ್ಯ. ಈ ಮೂರೂ ಒಟ್ಟಿಗೆ ಇದ್ದಾಗ ಮಾತ್ರ ಗೌರವ ಎಂದು ಅವರು ತಿಳಿದಿದ್ದರು.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ದೇವರ ಎತ್ತುಗಳಲ್ಲಿ ಇದು ಇವತ್ತಿಗೂ ಜೀವಂತ. ಒಂದೊಂದು ಕುಲದ ದೇವರ ಹೆಸರಿನಲ್ಲಿ ಒಂದೊಂದು ಹಿಂಡು. ಅವನ್ನು ನೇಗಿಲಿಗೆ ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ, ಕಟುಕರಿಗೆ ಮಾರುವುದಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಹಿಂಡನ್ನು ಕಾಯುವ ಕಿಲಾರಿಗೆ ಹಬ್ಬದಲ್ಲಿ ಮರ್ಯಾದೆ ಇದೆ. ಇಲ್ಲಿ ಗೌರವ ಸಿಗುವುದು ಗೆದ್ದ ಒಂದು ಎತ್ತಿಗಲ್ಲ, ಇಡೀ ಹಿಂಡಿಗೆ. ಹಸು, ಕರು, ಮುದಿ ಎತ್ತು ಎಲ್ಲವೂ ಅದರಲ್ಲಿ ಸೇರಿವೆ. ಕಾಯುವವನನ್ನು ಬಿಟ್ಟು ಈ ಗೌರವವೇ ಇಲ್ಲ. ಪೋಲೋ ಲೋಕದ ಸಯೀಸ್‌ಗೆ ಸಿಗದ ಜಾಗ ಇಲ್ಲಿ ಕಿಲಾರಿಗೆ ಸಿಕ್ಕಿದೆ.

ಕಾವಲು ಹೋದರೆ

ಹಾಗಂತ ನಮ್ಮಲ್ಲಿ ಎಲ್ಲ ಚೆನ್ನಾಗಿದೆ ಎಂದಲ್ಲ. ಹೆಸರು, ಜಮೀನು, ಕಾಯುವ ಮನುಷ್ಯ, ಈ ಮೂರರಲ್ಲಿ ಜಮೀನು ಕೈಬಿಡುತ್ತಿದೆ.

ಅಮೃತಮಹಲ್ ತಳಿಯ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಮೈಸೂರು ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ, ಆಮೇಲೆ ಹೈದರಾಲಿ, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಎತ್ತುಗಳು. ದಣಿವಿಲ್ಲದ ನಡಿಗೆಗೆ ಹೆಸರಾದವು. ಈ ಹೆಸರು ಗಳಿಸಿಕೊಟ್ಟದ್ದು ಕಾವಲುಗಳು. ಮಳೆ ಎಲ್ಲಿ ಬಂತೋ ಆ ಕಡೆ ಹಿಂಡು ಹೋಗುತ್ತಿತ್ತು. ಒಣ ಹುಲ್ಲು ತಿಂದು, ದೂರ ನಡೆದು ಬದುಕಿದವು ಉಳಿದವು, ಕರು ಹಾಕಿದವು. ಆ ತಳಿಯನ್ನು ತಿದ್ದಿದ್ದು ಆ ಬಯಲು.

ಚಳ್ಳಕೆರೆ ತಾಲ್ಲೂಕಿನಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಡೆಯ ಸುಮಾರು 10 ಸಾವಿರ ಎಕರೆ ಕಾವಲು ಕಳೆದ ಎರಡು ದಶಕಗಳಲ್ಲಿ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ವಿಮಾನ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಈ ಸಂಸ್ಥೆಗಳ ಕೆಲಸ ದೇಶಕ್ಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬಯಲುಸೀಮೆಗೆ ಇಂಥ ಸಂಸ್ಥೆಗಳು ಬಂದದ್ದು ಒಳ್ಳೆಯದು ಎನ್ನುವವರೂ ಇಲ್ಲೇ ಇದ್ದಾರೆ. ಆದರೆ ಬೇಲಿ ಬಿದ್ದ ಮೇಲೆ ದನ, ಕುರಿ ಎಲ್ಲಿ ಮೇಯಬೇಕು ಎನ್ನುವುದಕ್ಕೆ ಸರಿಯಾದ ಏರ್ಪಾಡು ಮೊದಲೇ ಆಗಲಿಲ್ಲ. ಊರಿನವರು, ಪರಿಸರದವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಮೇವು ಕಮ್ಮಿಯಾದರೆ ಹಿಂಡು ಕಿರಿದಾಗುತ್ತದೆ. ಕುರಿ ಕಮ್ಮಿಯಾದರೆ ಚಳ್ಳಕೆರೆ ಕಂಬಳಿಗೆ ಉಣ್ಣೆ ಸಾಲದು. ಬರಗಾಲದಲ್ಲಿ ದೇವರ ಎತ್ತುಗಳಿಗೆ ಊರೂರು ತಿರುಗಿ ಮೇವು ಬೇಡಬೇಕಾಗುತ್ತದೆ.

ಇಲ್ಲೇ ಅರ್ಜೆಂಟೀನಾದ ಸುದ್ದಿ ನಮಗೆ ಹತ್ತಿರವಾಗುತ್ತದೆ. ತಳಿ ಕಮ್ಮಿಯಾಯಿತು ಎಂದಾಗ ಸುಲಭದ ಉತ್ತರವಾಗಿ ಪ್ರಯೋಗಾಲಯ ಬರುತ್ತದೆ. ಕರ್ನಾಲ್‌ನ ಡೇರಿ ಸಂಶೋಧನಾ ಸಂಸ್ಥೆ 2023ರಲ್ಲಿ ಗಂಗಾ ಎಂಬ ಗಿರ್ ಕರುವನ್ನು ಕ್ಲೋನ್ ಮಾಡಿ ತೋರಿಸಿದೆ. ಅದು ದೊಡ್ಡ ಸಾಧನೆ. ನಾಳೆ ಒಂದು ಒಳ್ಳೆಯ ಅಮೃತಮಹಲ್ ಹೋರಿಯನ್ನೂ ಹಾಗೇ ಮಾಡಬಹುದು. ಆದರೆ ಶೀತಲ ಸಿಲಿಂಡರಿನಲ್ಲಿ ಜೀವಕೋಶ ಉಳಿಯುತ್ತದೆ, ಬರ ತಡೆದುಕೊಳ್ಳುವ ಹಿಂಡು ಉಳಿಯುವುದಿಲ್ಲ. ಕೊಟ್ಟಿಗೆಯಲ್ಲಿ ಹಿಂಡಿ ತಿಂದು ಬೆಳೆದ ತದ್ರೂಪಿಗೆ ಕಾವಲಿನ ದಾರಿ ಕಲಿಸುವ ಹಸು ಯಾವುದು? ಪೋಲೋ ಸಂಸ್ಥೆ ಹೇಳಬೇಕಿದ್ದ ಗಟ್ಟಿಯಾದ ಕಾರಣ ಇದೇ. ಪ್ರಯೋಗಾಲಯ ಪ್ರಾಣಿಯನ್ನು ಕೊಡಬಲ್ಲದು, ಆದರೆ ಬಹುಮಾನವೂ ಹಣವೂ ಅತ್ತಲೇ ಹರಿದರೆ, ಆ ಪ್ರಾಣಿಯನ್ನು ರೂಪಿಸಿದ ಬಯಲನ್ನೂ ಸಾಕುವವರನ್ನೂ ಉಳಿಸಲು ಯಾರಿಗೂ ಕಾರಣವೇ ಇರುವುದಿಲ್ಲ.

ಮುಂದೆ ಏನಾಗಬಹುದು

ಅರ್ಜೆಂಟೀನಾದಲ್ಲಿ ಆ ಐದು ಮರಿಗಳು ಸವಾರಿಗೆ ಸಿದ್ಧವಾಗಲು ಇನ್ನೂ ಸಮಯ ಬೇಕು. ನಿಜವಾದ ಒತ್ತಡ ಆಗ ಬರುತ್ತದೆ. ಅವು ಚೆನ್ನಾಗಿ ಓಡಿದರೆ, ಬೇರೆ ದೇಶದ ಪಂದ್ಯಗಳಲ್ಲಿ ಆಡಿಸುವ ಪ್ರಯತ್ನ ನಡೆಯಬಹುದು. ಒಂದು ದೇಶ ಒಪ್ಪಿದರೆ ಉಳಿದವರು ಬಹಳ ಕಾಲ ಬಾಗಿಲು ಹಾಕಿಕೊಂಡು ಕೂರುವುದು ಕಷ್ಟ. ಕ್ಲೋನ್ ವಿಷಯದಲ್ಲಿ ಆದದ್ದೂ ಹೀಗೇ. ಗೌರವ ಕೊಡುವ ಸಂಸ್ಥೆಗಳು ಅಷ್ಟರೊಳಗೆ ಒಂದು ಕೆಲಸ ಮಾಡಬಹುದು. ಕುದುರೆಯ ಹೆಸರಿನ ಜೊತೆ ಅದರ ತಾಯಿ, ಸಾಕಿದವರು, ಪಳಗಿಸಿದವರು, ಸಯೀಸ್ ಇವರ ಹೆಸರನ್ನೂ ಬರೆಯಬಹುದು. ಕ್ಲೋನ್ ಆಗಿದ್ದರೆ ಹಾಗೆಂದು ನೇರವಾಗಿ ಹೇಳಬಹುದು. ಬಹುಮಾನದ ಹಣದಲ್ಲಿ ಒಂದು ಪಾಲು ಮಣಿಪುರಿ ಕುದುರೆಯಂಥ ಮೂಲ ತಳಿಯ ಮೇವಿಗೆ ಹೋಗುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ದಾರಿ ಇನ್ನೂ ಸ್ಪಷ್ಟವಾಗಿದೆ. ಕರ್ನಾಲ್‌ನಲ್ಲೇ ಇರುವ ರಾಷ್ಟ್ರೀಯ ಪಶು ತಳಿ ಬ್ಯೂರೊ ನಾಟಿ ತಳಿ ಉಳಿಸಿದ ಸಾಕಣೆದಾರರಿಗೆ ಪ್ರಶಸ್ತಿ ಕೊಡುತ್ತದೆ. ಗೆದ್ದ ಪ್ರಾಣಿಗಲ್ಲ, ಹಿಂಡು ಕಾದವರಿಗೆ. ದೇವರ ಎತ್ತು ಕಾಯುವ ಕಿಲಾರಿಗಳ ಹೆಸರನ್ನು ಅಲ್ಲಿಗೆ ಕಳಿಸಲು ಪಶುಪಾಲನಾ ಇಲಾಖೆಗೆ ಯಾವ ಅಡ್ಡಿಯೂ ಇಲ್ಲ. ಆದರೆ ಸುಮ್ನೆ ಪ್ರಶಸ್ತಿಯಿಂದ ಹಿಂಡಿನ ಹೊಟ್ಟೆ ತುಂಬುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ, ಅರಣ್ಯವೆಂದು ದಾಖಲಾದ ಜಮೀನಿನಲ್ಲಿ ಹಿಂದಿನಿಂದ ದನ ಮೇಯಿಸುತ್ತಾ ಬಂದವರ ಹಕ್ಕನ್ನು ಒಪ್ಪುತ್ತದೆ. ಅರ್ಜಿ ಶುರುವಾಗಬೇಕಾದದ್ದು ಗ್ರಾಮಸಭೆಯಿಂದ. ಉಳಿದಿರುವ ಕಾವಲುಗಳಲ್ಲಿ ಯಾವ ಜಮೀನು ಯಾವ ಇಲಾಖೆಯ ದಾಖಲೆಯಲ್ಲಿದೆ ಎಂದು ಪಹಣಿ ತೆಗೆಸಿ ನೋಡುವುದು ಮೊದಲ ಕೆಲಸ. ಹಿಂಡು ಹೋಗುವ ದಾರಿ, ನೀರಿನ ಗುಂಡಿ, ರೊಪ್ಪದ ಜಾಗ ಇವನ್ನು ನಕ್ಷೆಯಲ್ಲಿ ಗುರುತಿಸಿ ಅರ್ಜಿಯ ಜೊತೆ ಇಡುವುದು ಎರಡನೆಯದು. ಹಳೆಯ ಕಿಲಾರಿಗಳು ಬದುಕಿರುವಾಗಲೇ ಇದು ಆಗಬೇಕು, ಏಕೆಂದರೆ ಆ ದಾರಿಗಳು ಈಗ ಬರೆದಿರುವುದು ಅವರ ನೆನಪಿನಲ್ಲಿ ಮಾತ್ರ.